ಎರಿಹೊಲದ ಕಬ್ಬಿಣದೆತ್ತು

ಕಾರು ವಿಶ್ರಾಂತಿ ಪಡೆದ ಮೇಲೆ ಪರಂಪರೆಯ ಪಟ್ಟ ಏರುತ್ತದೆ. ಟ್ರ್ಯಾಕ್ಟರಿಗೆ ಆ ಪಟ್ಟ ದುಡಿಮೆಯ ನಡುವೆಯೇ ದೊರೆಯುತ್ತದೆ. ಕುಂದಗೋಳ ತಾಲ್ಲೂಕಿನ ಕುಬಿಹಾಳದ ಕರಿನೆಲದಲ್ಲಿ ನಿಂತು ನೋಡಿದರೆ ತೆರೆದುಕೊಳ್ಳುವ ಯಂತ್ರಗಾಥೆ ಇದು.

1958ರ ಜನವರಿ 4. ಎವರೆಸ್ಟ್ ಶಿಖರವನ್ನು ಮೆಟ್ಟಿದ ಎಡ್ಮಂಡ್ ಹಿಲರಿ ಅಂದು ದಕ್ಷಿಣ ಧ್ರುವ ತಲುಪಿದರು. 1912ರಲ್ಲಿ ಸ್ಕಾಟ್ ತಂಡ ಅಲ್ಲಿ ಹೆಜ್ಜೆಯಿಟ್ಟ ಬಳಿಕ ನೆಲಮಾರ್ಗವಾಗಿ ಧ್ರುವ ಮುಟ್ಟಿದ ಮೊದಲ ತಂಡ ಅದು. ಆ ಸಾಹಸಿಗಳನ್ನು ಹಿಮದ ಮರುಭೂಮಿಯಾಚೆ ಹೊತ್ತೊಯ್ದ ವಾಹನ ಯಾವುದು? ಹೊಲ ಉಳಲೆಂದು ತಯಾರಾದ ಫರ್ಗ್ಯುಸನ್ ಟ್ರ್ಯಾಕ್ಟರ್! ಹಿಮದಲ್ಲಿ ಹೂತುಹೋಗದಂತೆ ಗಾಲಿಗಳ ಸುತ್ತ ಸರಪಟ್ಟಿ ತೊಡಿಸಿದ್ದೇ ಅದಕ್ಕೆ ಮಾಡಿದ್ದ ಮುಖ್ಯ ಮಾರ್ಪಾಡು.

ಧ್ರುವದ ಬಿಳಿನೆಲದಿಂದ ಧಾರವಾಡ ಜಿಲ್ಲೆಯ ಕರಿನೆಲಕ್ಕೆ ಬರೋಣ. ಹುಬ್ಬಳ್ಳಿಯ ನೆರೆಯ ಕುಂದಗೋಳ ತಾಲ್ಲೂಕು ಸವಾಯಿ ಗಂಧರ್ವರ ಸಂಗೀತದಿಂದ ಹೆಸರಾದ ಸೀಮೆ. ಕುಬಿಹಾಳವೂ ಸೇರಿದಂತೆ ಇಲ್ಲಿನ ಹಳ್ಳಿಗಳ ಸುತ್ತ ಕಣ್ಣು ಹಾಯಿಸಿದಷ್ಟೂ ಎರಿಹೊಲ. ಹತ್ತಿ, ಹೆಸರು, ಬ್ಯಾಡಗಿ ಮೆಣಸಿನಕಾಯಿ, ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ, ಕುಸುಬಿ. ಈ ಭಾಗದ ರೈತರು ಬಾಯ್ತುಂಬ ಕರೆಯುವ ‘ಮೆಸ್ಸಿ’ ಇದೆಯಲ್ಲ, ಆ ಮ್ಯಾಸಿ ಫರ್ಗ್ಯುಸನ್ ಧ್ರುವ ತಲುಪಿದ ಯಂತ್ರದ ನೇರ ವಂಶಸ್ಥ. ಮೂರು, ನಾಲ್ಕು ದಶಕಗಳ ಹಿಂದೆ ಮನೆಗೆ ಬಂದ ಇಂಥ ಟ್ರ್ಯಾಕ್ಟರ್ ಇಂದಿಗೂ ಗ್ವಾದಲಿಯ (ದನಗಳ ಮೇವಿನ ತೊಟ್ಟಿಯ) ಮಗ್ಗುಲಲ್ಲೇ ನಿಂತು, ಮಳೆಯ ವಾಸನೆ ಬಂದೊಡನೆ ಹೊಲಕ್ಕಿಳಿಯುವುದು ನಮ್ಮ ಕೃಷಿಲೋಕದ ಸದ್ದಿಲ್ಲದ ವಿಸ್ಮಯಗಳಲ್ಲೊಂದು.

ಎರಿಮಣ್ಣು ಒಡ್ಡುವ ಪರೀಕ್ಷೆ

ಹಳೆಯ ಟ್ರ್ಯಾಕ್ಟರಿನ ಮಹಿಮೆ ಅರಿಯಬೇಕಾದರೆ ಮೊದಲು ಎರಿಮಣ್ಣಿನ ಸ್ವಭಾವ ಅರಿಯಬೇಕು. ಈ ಮಣ್ಣಿನಲ್ಲಿರುವ ಅತಿ ಸೂಕ್ಷ್ಮ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಸಂಕೋಚಗೊಳ್ಳುತ್ತವೆ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವ ನೆಲ, ಮಳೆಗಾಲದಲ್ಲಿ ಮೆಟ್ಟಿದ ಕಾಲನ್ನೇ ಬಿಡುವುದಿಲ್ಲ. ಹಸಿ ಹೆಚ್ಚಾದರೆ ಗಾಲಿಗೆ ಮೆತ್ತುತ್ತದೆ, ಕಡಿಮೆಯಾದರೆ ಕಲ್ಲಿನಂಥ ಹೆಂಟೆ ಏಳುತ್ತದೆ. ಇವೆರಡರ ನಡುವಿನ ಕೆಲವೇ ದಿನಗಳಿಗೆ ಒಕ್ಕಲಿಗನ ಮಾತಿನಲ್ಲಿ ‘ಹದ’ ಎಂದು ಹೆಸರು. ಎರಿಸೀಮೆಯ ಬೇಸಾಯವೆಲ್ಲ ಈ ಎರಡಕ್ಷರವನ್ನೇ ನೆಚ್ಚಿಕೊಂಡಿದೆ.

ಈ ಮಣ್ಣನ್ನು ಪಳಗಿಸಲು ನಡೆದ ಪ್ರಯತ್ನಗಳಿಗೂ ಭವ್ಯ ಇತಿಹಾಸವಿದೆ. ಕುಂದಗೋಳ ಹಿಂದೆ ದಕ್ಷಿಣ ಮರಾಠಾ ಸಂಸ್ಥಾನಗಳಲ್ಲೊಂದಾದ ಜಮಖಂಡಿಗೆ ಸೇರಿತ್ತು. ಜಿಗುಟಾದ ಕರಿನೆಲದಲ್ಲಿ ಭಾರ ಎಳೆಯಬಲ್ಲ ಬಲಿಷ್ಠ ಎತ್ತುಗಳಿಗಾಗಿ ಈ ಸಂಸ್ಥಾನಗಳ ಅರಸರು ಹತ್ತೊಂಬತ್ತನೆಯ ಶತಮಾನದಲ್ಲಿ ಪೋಷಿಸಿದ ತಳಿಯೇ ಕೃಷ್ಣಾ ಕಣಿವೆಯ ಗೋತಳಿ. ಎತ್ತು ಸುಧಾರಿಸಿದ ಮೇಲೆ ರಂಟಿಯ ಸರದಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್, ಬೆಳಗಾವಿಯ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿ, ಮುಂದೆ ಕಬ್ಬಿಣದ ರಂಟಿ ತಯಾರಿಕೆಗೆ ತೊಡಗಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂಬ ಭೀತಿಯಿಂದ ರೈತರು ಮೊದಮೊದಲು ಅದನ್ನು ಮುಟ್ಟಲೇ ಇಲ್ಲ. ಕ್ರಮೇಣ ಭಯ ಕರಗಿತು. ಮರದ ನೇಗಿಲಿನಿಂದ ಉಕ್ಕಿನ ಯಂತ್ರದತ್ತ ಈ ನೆಲ ಇಟ್ಟ ಮೊದಲ ದೊಡ್ಡ ಹೆಜ್ಜೆ ಅದು.

ಸಾಗರದಾಚೆಯಿಂದ ಹೊಲದ ಬದುವಿಗೆ

1892ರಲ್ಲಿ ಅಮೆರಿಕದ ಅಯೋವಾದಲ್ಲಿ ಜಾನ್ ಫ್ರೋಲಿಕ್ ಎಂಬಾತ ಹಿಂದಕ್ಕೂ ಮುಂದಕ್ಕೂ ಚಲಿಸುವ ಪೆಟ್ರೋಲ್ ಯಂತ್ರವೊಂದನ್ನು ಹೊಲಕ್ಕಿಳಿಸಿದ. 1917ರಲ್ಲಿ ಹೆನ್ರಿ ಫೋರ್ಡ್ ಕಂಪನಿಯ ಫೋರ್ಡ್‌ಸನ್ ಬಂದು, ಟ್ರ್ಯಾಕ್ಟರನ್ನು ಸಾಮಾನ್ಯ ರೈತನ ಕೈಗೆಟುಕುವ ಸರಕಾಗಿಸಿತು. ಆದರೂ ಅದರಲ್ಲೊಂದು ಘೋರ ದೋಷ ಉಳಿದಿತ್ತು. ಹಿಂದೆ ಕಟ್ಟಿದ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಮುಂಭಾಗ ಕುದುರೆಯಂತೆ ಮೇಲೆದ್ದು, ಯಂತ್ರವೇ ಚಾಲಕನ ಮೇಲೆ ಮಗುಚುತ್ತಿತ್ತು.

ಆ ದೋಷವನ್ನು ಗೆದ್ದವರು ಉತ್ತರ ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯುಸನ್. ಅವರು 1926ರಲ್ಲಿ ಪೇಟೆಂಟ್ ಪಡೆದ ಆವಿಷ್ಕಾರವೇ ಇಂದು ಜಗತ್ತಿನ ಬಹುತೇಕ ಎಲ್ಲ ಟ್ರ್ಯಾಕ್ಟರುಗಳ ಬೆನ್ನಿಗಿರುವ ಮೂರು ಕೊಂಡಿಗಳ ಜೋಡಣೆಗೆ ಮೂಲ. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ, ಮೇಲಿನ ‘ಟಾಪ್ ಲಿಂಕ್’ ಅದನ್ನು ಒತ್ತಿ ಹಿಡಿಯುತ್ತದೆ. ಮಣ್ಣು ಬಿಗಿಯಾದಾಗ ನೇಗಿಲು ಮುಂದಕ್ಕೆ ಮುಗ್ಗರಿಸಲು ಹವಣಿಸಿ ಟಾಪ್ ಲಿಂಕನ್ನು ಒತ್ತುತ್ತದೆ. ಆ ಒತ್ತಡ ಸ್ಪ್ರಿಂಗಿನ ಮೂಲಕ ಹೈಡ್ರಾಲಿಕ್ ಕವಾಟಕ್ಕೆ ಮುಟ್ಟುತ್ತದೆ, ನೇಗಿಲು ತಾನಾಗಿಯೇ ತುಸು ಮೇಲೇಳುತ್ತದೆ. ಅದೇ ಕ್ಷಣದಲ್ಲಿ ನೇಗಿಲಿನ ಭಾರ ಹಿಂಗಾಲಿಗಳ ಮೇಲೆ ಬಿದ್ದು ಅವುಗಳ ಹಿಡಿತ ಹೆಚ್ಚುತ್ತದೆ. ಮೇಳಿಯ ಮೇಲೆ ಅಂಗೈಯಿಟ್ಟು ನೆಲದ ಬಿಗಿಯನ್ನು ಅರಿಯುತ್ತಿದ್ದ ರೈತನ ವಿವೇಕವನ್ನು ಎಣ್ಣೆ ಮತ್ತು ಉಕ್ಕಿಗೆ ಕಲಿಸಿಕೊಟ್ಟ ಈ ಜಾಣ್ಮೆಯಲ್ಲಿ ಒಂದೇ ಒಂದು ವಿದ್ಯುನ್ಮಾನ ಬಿಡಿಭಾಗವಿರಲಿಲ್ಲ!

1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಿಂದ ಹೊರಬಂದ ಫರ್ಗ್ಯುಸನ್ ಟಿಇ-20ರ ತೂಕ ಒಂದು ಟನ್ನಿಗಿಂತ ತುಸುವೇ ಹೆಚ್ಚು. ಹತ್ತು ವರ್ಷಗಳಲ್ಲಿ ತಯಾರಾದವು 5 ಲಕ್ಷಕ್ಕೂ ಅಧಿಕ. 1953ರಲ್ಲಿ ಫರ್ಗ್ಯುಸನ್ ಸಂಸ್ಥೆ ಕೆನಡಾದ ಮ್ಯಾಸಿ-ಹ್ಯಾರಿಸ್ ಜತೆ ಒಂದಾಯಿತು. ಈ ವಂಶವನ್ನು ದಕ್ಷಿಣ ಭಾರತಕ್ಕೆ ಕರೆತಂದದ್ದು ಚೆನ್ನೈನ ಟಾಫೆ ಕಂಪನಿ.

ಸ್ವದೇಶಿ ಚಕ್ರಗಳ ಯುಗ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಟ್ರ್ಯಾಕ್ಟರ್ ನಮ್ಮಲ್ಲಿ ಅಪರೂಪದ ಅತಿಥಿ. 1951ರಲ್ಲಿ ಇಡೀ ದೇಶದಲ್ಲಿದ್ದವು ಸುಮಾರು 8,600. ಹತ್ತು ವರ್ಷಗಳ ಬಳಿಕ ಸುಮಾರು 31,000. ಅವೂ ಬಹುಪಾಲು ಹಡಗೇರಿ ಬಂದವು. 1959ರ ಏಪ್ರಿಲಿನಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ದೇಶದಲ್ಲೇ ತಯಾರಾದ ಟ್ರ್ಯಾಕ್ಟರ್ ಹೊರಬಿದ್ದಾಗ ಹೊಸ ಶಕೆ ಉದಯಿಸಿತು. 1963ರಲ್ಲಿ ಮಹೀಂದ್ರ ಸಂಸ್ಥೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆ ಕೈಜೋಡಿಸಿತು. ಆ ಸಖ್ಯದ ಫಲವೇ ಹಳೆಯ ತಲೆಮಾರು ಮರೆಯದ ಬಿ-275. 1971ರಲ್ಲಿ ಎಸ್ಕಾರ್ಟ್ಸ್ ಮೂಲಕ ಫೋರ್ಡ್ 3000 ಬಂತು. ವಿದೇಶಿ ನಕ್ಷೆಯ ಹಂಗಿಲ್ಲದೆ ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸ್ವರಾಜ್ 724, 1974ರಲ್ಲಿ ಪಂಜಾಬಿನಿಂದ ಮಾರುಕಟ್ಟೆಗೆ ಬಂತು. ಅಂದು ಹಡಗಿನ ದಾರಿ ಕಾಯುತ್ತಿದ್ದ ದೇಶ ಇಂದು ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರ್ ತಯಾರಿಸುವ ಅಗ್ರಗಣ್ಯ ರಾಷ್ಟ್ರ.

ಕನ್ನಡಿಗರಿಗೆ ವಿಶೇಷ ಆಪ್ತವಾದ ಹೆಸರು ಎಚ್‌ಎಂಟಿ. ಬೆಂಗಳೂರಿನ ಈ ಸಾರ್ವಜನಿಕ ಉದ್ಯಮ ಮನೆಮನೆಯ ಮುಂಗೈಗೆ ಗಡಿಯಾರ ಕಟ್ಟಿದ್ದು ಎಲ್ಲರಿಗೂ ಗೊತ್ತು. ಅದೇ ಉದ್ಯಮ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ಸಹಯೋಗದೊಂದಿಗೆ ಟ್ರ್ಯಾಕ್ಟರ್ ತಯಾರಿಸಿತು. 25 ಅಶ್ವಶಕ್ತಿಯ, ಎರಡು ಸಿಲಿಂಡರಿನ ಎಚ್‌ಎಂಟಿ 2511 ಆ ಸಾಲಿನ ಚೊಚ್ಚಲ ಕೂಸು. ಬೇರೆ ಬೇರೆ ಶಕ್ತಿಯ ಮಾದರಿಗಳಿಗೂ ಹಲವು ಬಿಡಿಭಾಗಗಳು ಸಮಾನವಾಗಿರುವಂತೆ ಜೆಟರ್ ತಂತ್ರಜ್ಞರು ಈ ಶ್ರೇಣಿಯನ್ನು ರೂಪಿಸಿದ್ದರು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗದ ಮುಚ್ಚುಗಡೆಗೆ ಒಪ್ಪಿಗೆ ನೀಡಿತು. ಕಾರ್ಖಾನೆಯ ಸದ್ದು ಅಡಗಿದರೂ ಆ ಯಂತ್ರಗಳ ಸದ್ದು ಹೊಲಗಳಲ್ಲಿ ಅಡಗಿಲ್ಲ.

ಹತ್ತಿಯ ಹಣ, ಹಂತಿಯ ಹಾಡು

ಧಾರವಾಡ ಸೀಮೆಗೆ ಟ್ರ್ಯಾಕ್ಟರ್ ಹೆಚ್ಚೆಚ್ಚು ಬರತೊಡಗಿದ ಕಾಲ ಹತ್ತಿಯ ವೈಭವದ ಕಾಲವೂ ಹೌದು. ಧಾರವಾಡದ ಕೃಷಿವಿಜ್ಞಾನಿ ಡಾ. ಬಿ. ಎಚ್. ಕಾತರಕಿ ಅವರ ಕೊಡುಗೆಯಾದ ವರಲಕ್ಷ್ಮಿ ಸಂಕರಣ ಹತ್ತಿ 1972ರಲ್ಲಿ, ಜಯಲಕ್ಷ್ಮಿ ಎಂದೇ ಪ್ರಸಿದ್ಧವಾದ ಡಿಸಿಎಚ್-32 1981ರಲ್ಲಿ ಬಿಡುಗಡೆಯಾದವು. ಬ್ಯಾಂಕ್ ಸಾಲದ ಬಾಗಿಲು ತೆರೆದಿತ್ತು. ಒಳ್ಳೆಯ ಹತ್ತಿ ಕೈಗೆ ಬಂದ ವರ್ಷ, ಹೊಸ ಯಂತ್ರಕ್ಕೆ ಹಾರ ಹಾಕಿಸಿ ಊರ ಗುಡಿಯ ಮುಂದೆ ನಿಲ್ಲಿಸುವುದು ಮನೆತನದ ಘನತೆಯ ಮಾತಾಯಿತು.

ಹೊಸತು ಬಂದಾಗ ಹಳೆಯದೊಂದು ಮೌನವಾಗುತ್ತದೆ. ಸುಗ್ಗಿಯ ರಾತ್ರಿಗಳಲ್ಲಿ ಕಣದ ನಡುವಣ ಮೇಟಿಯ ಸುತ್ತ ಎತ್ತು ತಿರುಗಿಸುತ್ತ ರೈತರು ಹಾಡುತ್ತಿದ್ದ ಹಂತಿ ಪದಗಳು ಉತ್ತರ ಕರ್ನಾಟಕದ ಜನಪದ ಸಂಪತ್ತು. ಎತ್ತಿನ ಜಾಗದಲ್ಲಿ ಮೊದಲು ಟ್ರ್ಯಾಕ್ಟರಿನ ಗಾಲಿ ತಿರುಗಿತು, ಆಮೇಲೆ ಅದರ ಬೆನ್ನಿಗೆ ಜೋಡಿಸಿದ ರಾಶಿ ಮಷಿನ್ ಬಂತು. ಬೆವರು ಉಳಿಯಿತು, ಕಾಲ ಉಳಿಯಿತು. ಹಾಡು ಕಣದಿಂದ ಎದ್ದು ವೇದಿಕೆಗೆ ನಡೆಯಿತು. ಈ ಲಾಭನಷ್ಟಗಳೆರಡನ್ನೂ ಕಂಡವರು ಇಂದಿನ ಮನೆಯ ಹಿರಿಯರು. ಅಂಗಳದ ಹಳೆಯ ಟ್ರ್ಯಾಕ್ಟರ್ ಅವರ ಯೌವನದ ಸಾಕ್ಷಿ.

ಸಣ್ಣ ಹೊಲಕ್ಕೆ ಹಳೆಯದೇ ಏಕೆ?

ಸರಕಾರಿ ಲೆಕ್ಕದಲ್ಲಿ ಐದು ಎಕರೆಯೊಳಗಿನವರು ಸಣ್ಣ ರೈತರು. ಅಷ್ಟು ನೆಲಕ್ಕೆ ಹೊಸ ಟ್ರ್ಯಾಕ್ಟರ್ ಕೊಂಡರೆ ಕಂತು ಕಟ್ಟುವುದರಲ್ಲೇ ಬೆಳೆ ಕರಗುತ್ತದೆ. ಬಾಡಿಗೆಯ ದಾರಿಯಿದೆ. ರಾಜ್ಯ ಸರಕಾರ 2014-15ರಲ್ಲಿ ಆರಂಭಿಸಿದ ‘ಕೃಷಿ ಯಂತ್ರಧಾರೆ’ ಕೇಂದ್ರಗಳು ಆ ಅಗತ್ಯಕ್ಕೆಂದೇ ರೂಪುಗೊಂಡವು. ಆದರೆ ಹದ ಎಂಬುದು ಇಡೀ ಊರಿಗೆ ಒಂದೇ ದಿನ ಬರುತ್ತದೆ! ಹೆಸರು ಕಿತ್ತ ಹೊಲವನ್ನು ಹರಗಿ, ಹಸಿ ಆರುವ ಮುನ್ನ ಕಡಲೆ ಬಿತ್ತಬೇಕಾದಾಗ ಬಾಡಿಗೆ ಟ್ರ್ಯಾಕ್ಟರಿಗೆ ಹತ್ತು ಮನೆಯವರು ಸರದಿ ಹಿಡಿದಿರುತ್ತಾರೆ. ಎರಡು ದಿನ ತಡವಾದರೆ ಬೀಜಕ್ಕೆ ಹಸಿ ಸಿಗದು. ಸ್ವಂತದ ಯಂತ್ರ, ಎಷ್ಟೇ ಹಳೆಯದಿರಲಿ, ಹದದ ದಿನ ಅಂಗಳದಲ್ಲಿರುತ್ತದೆ. ಸಣ್ಣ ಒಕ್ಕಲುತನದಲ್ಲಿ ಅದರ ಬೆಲೆಯನ್ನು ಆ ಒಂದು ದಿನದಿಂದಲೇ ಅಳೆಯಬೇಕು.

ತೂಕವೂ ಹಳೆಯದರ ಪರವಾಗಿಯೇ ಮಾತಾಡುತ್ತದೆ. 25ರಿಂದ 35 ಅಶ್ವಶಕ್ತಿಯ ಹಳೆಯ ಮಾದರಿಗಳು ಸಾಮಾನ್ಯವಾಗಿ ಎರಡು ಟನ್ನಿನೊಳಗಿನವು. ಭಾರಿ ಯಂತ್ರ ಹಸಿ ಎರಿಮಣ್ಣನ್ನು ತುಳಿದು ಗಟ್ಟಿಗೊಳಿಸಿದರೆ ಬೇರು ಇಳಿಯದು, ನೀರು ಇಂಗದು. ಹಗುರ ಯಂತ್ರ ನೆಲಕ್ಕೂ ಹಿತ, ಇಕ್ಕಟ್ಟಾದ ಬದುವಿನ ತಿರುವಿಗೂ ಸರಾಗ. ಕಲ್ಟಿವೇಟರ್, ಕುಂಟಿ, ಕೂರಿಗಿ, ಡಬ್ಬಿ (ಟ್ರೇಲರ್), ರಾಶಿ ಮಷಿನ್, ಹಳ್ಳದ ನೀರೆತ್ತುವ ಪಂಪು, ಎಲ್ಲಕ್ಕೂ ಅದೊಂದೇ ಹೆಗಲು.

ಇವೆಲ್ಲಕ್ಕಿಂತ ದೊಡ್ಡ ಗುಣ ಅದರ ಪಾರದರ್ಶಕತೆ. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಕಠಿಣ ಹೊಗೆ ನಿಯಮ ಅನ್ವಯವಾಗಿ, ಎಂಜಿನ್ನಿಗೆ ವಿದ್ಯುನ್ಮಾನ ನಿಯಂತ್ರಣ ಪ್ರವೇಶಿಸಿದೆ. ಗಾಳಿಯ ಹಿತಕ್ಕೆ ಅದು ಅವಶ್ಯವೇ. ಹಳೆಯ ಯಂತ್ರವಾದರೋ ತೆರೆದ ಪುಸ್ತಕ. ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದರೆ ಒಂದು ಪಾನಾ ಹಿಡಿದು ನಟ್ಟು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿದರೆ ಸಾಕು. ಬ್ಯಾಟರಿ ಸೋತಿದ್ದರೆ ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿ, ಕ್ಲಚ್ ಬಿಟ್ಟರೆ ಎಂಜಿನ್ ಎದ್ದು ನಿಲ್ಲುತ್ತದೆ. ಸದ್ದು ಕೇಳಿಯೇ ನಾಜಲ್ ಕೆಟ್ಟಿದೆಯೋ ಟ್ಯಾಪೆಟ್ ಸಡಿಲಾಗಿದೆಯೋ ಹೇಳಬಲ್ಲ ಮಿಸ್ತ್ರಿಗಳ ಶ್ರವಣಪಾಂಡಿತ್ಯ, ಸಂಗೀತದ ಸೀಮೆಯಲ್ಲಿ ಬೆಳೆದ ಇನ್ನೊಂದು ಘರಾಣೆ ಎನ್ನಲಡ್ಡಿಯಿಲ್ಲ.

ಒಡೆತನದ ಶಿಸ್ತು

ಈ ಹಿರಿಯನನ್ನು ಸಾಕಲು ಶ್ರದ್ಧೆ ಬೇಕು. ಎರಿಸೀಮೆಯ ಧೂಳು ನುಣುಪು. ಏರ್ ಕ್ಲೀನರ್ ಬಟ್ಟಲಿನ ಎಣ್ಣೆಯನ್ನು ಆಗಾಗ ಬದಲಿಸದಿದ್ದರೆ ಆ ಧೂಳೇ ಒಳಸೇರಿ ಲೈನರ್ ಸವೆಸುತ್ತದೆ. ಎಂಜಿನ್ ಆಯಿಲ್, ಡೀಸೆಲ್ ಫಿಲ್ಟರ್, ರೇಡಿಯೇಟರ್ ನೀರು, ಕೀಲುಗಳ ಗ್ರೀಸು, ಇಷ್ಟನ್ನು ತಪ್ಪಿಸದ ಮನೆಯಲ್ಲಿ ಯಂತ್ರ ತಲೆಮಾರು ದಾಟುತ್ತದೆ. ಸುರಕ್ಷತೆಯಲ್ಲಿ ಮಾತ್ರ ಹಳೆಯದು ಹಿಂದೆ. ಮಗುಚಿದಾಗ ಚಾಲಕನನ್ನು ಕಾಯುವ ಚೌಕಟ್ಟು ಹಳೆಯ ಮಾದರಿಗಳಲ್ಲಿಲ್ಲ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವ ಅಕ್ಕರೆ ಅನಾಹುತಕ್ಕೆ ಆಹ್ವಾನ. ಹಿಂದಿನ ಉಪಕರಣಗಳಿಗೆ ಎಂಜಿನ್ ಶಕ್ತಿ ಒಯ್ಯುವ, ತಿರುಗುವ ಪಿಟಿಒ ದಂಡಕ್ಕೆ ಸೀರೆಯ ಸೆರಗು, ಧೋತರದ ಚುಂಗು ಸಿಲುಕಿದರೆ ಎಳೆದುಕೊಳ್ಳಲು ಕ್ಷಣವೂ ಬೇಡ. ರಾತ್ರಿ ರಸ್ತೆಗಿಳಿಯುವ ಡಬ್ಬಿಯ ಹಿಂದೆ ಕೆಂಪು ಪ್ರತಿಫಲಕ ಇರಲೇಬೇಕು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣವೂ ಅಗತ್ಯ.

ಕಾನೂನಿನಲ್ಲಿ ಇಲ್ಲೊಂದು ಸ್ವಾರಸ್ಯವಿದೆ. 2021ರ ಕೇಂದ್ರ ನಿಯಮದಂತೆ ‘ವಿಂಟೇಜ್’ ಗೌರವ ದೊರೆಯುವುದು ಐವತ್ತು ವರ್ಷ ದಾಟಿದ, ವಾಣಿಜ್ಯೇತರ ಬಳಕೆಯ ಎರಡು ಮತ್ತು ನಾಲ್ಕು ಗಾಲಿಯ ವಾಹನಗಳಿಗೆ. ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳಲ್ಲಷ್ಟೇ ಅವು ರಸ್ತೆಗಿಳಿಯಬಹುದು, ನಿತ್ಯದ ಓಡಾಟ ನಿಷಿದ್ಧ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಕಣ್ಣು ಕೋರೈಸುವ ಹಳೆಯ ಕಾರುಗಳಿಗೆ ಅಂಥ ವಿಶ್ರಾಂತಿ ಶೋಭಿಸುತ್ತದೆ. ಎರಿಹೊಲದ ಟ್ರ್ಯಾಕ್ಟರಿಗೆ ಅಂಥ ವಿಶ್ರಾಂತಿ ಒಗ್ಗದು. ಕೆಲಸ ಬಿಡಲು ಅದಕ್ಕಿನ್ನೂ ಪುರಸೊತ್ತಿಲ್ಲ.

ಖಂಡೇಪೂಜೆಯ ದಿನ ಅದಕ್ಕೂ ಚೆಂಡುಹೂವಿನ ಮಾಲೆ, ಬೂದುಗುಂಬಳದ ಬಲಿ, ಮೂತಿಗೆ ಕುಂಕುಮ. ಆದರೆ ಅದರ ನಿಜವಾದ ಹಬ್ಬ ಮುಂಗಾರಿನದು. ಮಣ್ಣೆತ್ತಿನ ಅಮಾವಾಸ್ಯೆಯಂದು ಮನೆಯವರು ಹೊಲದ ಎರಿಮಣ್ಣು ತಂದು, ಕಲಸಿ, ಜೋಡೆತ್ತು ಮಾಡಿ ಪೂಜಿಸುತ್ತಾರೆ. ಗ್ವಾದಲಿಯಲ್ಲಿ ಎತ್ತಿಲ್ಲದ ಮನೆಯಲ್ಲೂ ಜಗಲಿಯ ಮೇಲೆ ಮಣ್ಣೆತ್ತು ಇರುತ್ತದೆ. ಪೂಜೆ ಮುಗಿದ ಬಳಿಕ ಅದು ನೀರಿನಲ್ಲಿ ಕರಗಿ ಮರಳಿ ಮಣ್ಣಾಗುತ್ತದೆ. ಹೊರಗೆ ಅಂಗಳದಲ್ಲಿ ಕಬ್ಬಿಣದೆತ್ತು ನಿಂತಿರುತ್ತದೆ, ಅದೇ ಎರಿಮಣ್ಣು ಮೆತ್ತಿದ ಗಾಲಿಗಳೊಡನೆ, ಮರುದಿನದ ಹದಕ್ಕಾಗಿ.