ಶಿಶುಗಳನ್ನು ಎಣಿಸಲು ಹೊರಟವರು

1903ನೆಯ ಇಸವಿಯ ಒಂದು ಮುಂಜಾನೆ, ನ್ಯೂಯಾರ್ಕ್ ನಗರದ ಪೂರ್ವಭಾಗದ ಬಡಕೇರಿಗಳ ನಡುವೆ ಹೆನ್ರಿ ಬೀದಿಯಲ್ಲಿದ್ದ ಸೇವಾಸದನದಲ್ಲಿ ಇಬ್ಬರು ಮಹಿಳೆಯರು ಆ ದಿನದ ಅಂಚೆಯನ್ನೂ ವೃತ್ತಪತ್ರಿಕೆಯನ್ನೂ ನೋಡುತ್ತ ಕುಳಿತಿದ್ದರು. ಒಬ್ಬರು ಆ ಸದನವನ್ನು ಸ್ಥಾಪಿಸಿ, ಮನೆಮನೆಗೆ ನಡೆದು ರೋಗಿಗಳ ಶುಶ್ರೂಷೆ ಮಾಡುವ ದಾದಿಯರ ಪಡೆಯನ್ನು ಕಟ್ಟಿದ ಲಿಲಿಯನ್ ವಾಲ್ಡ್. ಇನ್ನೊಬ್ಬರು ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಿಡುಗಡೆಗಾಗಿ ಹೋರಾಡುತ್ತಿದ್ದ ಫ್ಲಾರೆನ್ಸ್ ಕೆಲ್ಲಿ. ಅಂಚೆಯಲ್ಲಿ ಬಂದ ಕಾಗದವೊಂದು, ಬೇಸಗೆಯಲ್ಲಿ ಇಷ್ಟೊಂದು ಮಕ್ಕಳು ಸಾಯುತ್ತಿರುವುದೇಕೆ, ಅದಕ್ಕೆ ಪರಿಹಾರವಿಲ್ಲವೇ ಎಂದು ಕೇಳಿತ್ತು. ಪತ್ರಿಕೆಯಲ್ಲಿ, ಹತ್ತಿಯ ಕಾಯನ್ನು ಕೊರೆಯುವ ಸೊಂಡಿಲುಹುಳುವಿನ ಹಾವಳಿಯನ್ನು ಕಣ್ಣಾರೆ ಕಾಣಲು ಕೃಷಿಮಂತ್ರಿಗಳು ದಕ್ಷಿಣ ಪ್ರಾಂತಗಳಿಗೆ ಹೊರಟಿರುವರೆಂಬ ವಾರ್ತೆಯಿತ್ತು. ಬೆಳೆಯನ್ನು ಕಾಯಲು ಒಂದು ಇಲಾಖೆಯೇ ಇರುವ ದೇಶದಲ್ಲಿ ಮಕ್ಕಳನ್ನು ಕಾಯಲು ಒಂದು ಕಚೇರಿಯಾದರೂ ಏಕಿರಬಾರದೆಂಬ ಆಲೋಚನೆ ತಮಗೆ ಹೊಳೆದದ್ದು ಆಗಲೇ ಎಂದು ವಾಲ್ಡ್ ಅವರು ಮುಂದೆ ನೆನೆದಿದ್ದಾರೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಚಿಲ್ಡ್ರನ್ಸ್ ಬ್ಯೂರೋ, ಎಂದರೆ ಮಕ್ಕಳ ಕಾರ್ಯಾಲಯ, ಹುಟ್ಟಿದ್ದು ಈ ಆಲೋಚನೆಯಿಂದ. ಆದರೆ ಆಲೋಚನೆಯು ಶಾಸನವಾಗುವುದಕ್ಕೆ ಒಂಬತ್ತು ವರ್ಷಗಳು ಹಿಡಿದುವು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ಮುಂದೆ ವಿಷಯವನ್ನಿಟ್ಟದ್ದಾಯಿತು. ಮರುವರ್ಷ ಮಸೂದೆ ಸಿದ್ಧವಾಯಿತು. ಅನಂತರ ಅದು ಮತ್ತೆ ಮತ್ತೆ ಮಂಡಿತವಾಗಿ ಮತ್ತೆ ಮತ್ತೆ ಬಿದ್ದುಹೋಯಿತು. 1909ರ ಜನವರಿಯಲ್ಲಿ ಶ್ವೇತಭವನದಲ್ಲಿ ನಿರ್ಗತಿಕ ಮಕ್ಕಳ ಪೋಷಣೆಯನ್ನು ಕುರಿತು ಸಮ್ಮೇಳನವೊಂದು ನಡೆದು, ಬಡತನವೊಂದನ್ನೇ ಕಾರಣ ಮಾಡಿ ಯಾವ ಮಗುವನ್ನೂ ತಾಯಿಯ ಮನೆಯಿಂದ ಅಗಲಿಸಕೂಡದೆಂದು ನಿರ್ಧರಿಸಿದ ಮೇಲೆ, ಲೋಕಾಭಿಪ್ರಾಯವು ಬಲವಾಗಿ, 1912ರ ಏಪ್ರಿಲ್ 9ರಂದು ಅಧ್ಯಕ್ಷ ಟ್ಯಾಫ್ಟ್ ಅವರ ಸಹಿಯೊಡನೆ ಶಾಸನವು ಜಾರಿಗೆ ಬಂದಿತು.

ಆ ಶಾಸನವು ಕಾರ್ಯಾಲಯಕ್ಕೆ ಕೊಟ್ಟ ಅಧಿಕಾರ ಎರಡೇ ಕ್ರಿಯಾಪದಗಳದ್ದು: ವಿಚಾರಿಸುವುದು, ವರದಿ ಮಾಡುವುದು. ಅನ್ನವನ್ನಾಗಲಿ ಔಷಧವನ್ನಾಗಲಿ ಹಂಚುವ ಹಕ್ಕು ಅದಕ್ಕಿರಲಿಲ್ಲ. ಸರ್ಕಾರವು ಗೃಹಸ್ಥನ ಒಳಮನೆಗೆ ನುಗ್ಗುವುದೆಂಬ ವಿರೋಧಿಗಳ ಶಂಕೆಯನ್ನು ಪರಿಹರಿಸುವ ಸಲುವಾಗಿ, ಮನೆಯ ಯಜಮಾನನು ಬೇಡವೆಂದರೆ ಅಧಿಕಾರಿಗಳಾರೂ ಹೊಸ್ತಿಲು ದಾಟಕೂಡದೆಂಬ ನಿಯಮವನ್ನೂ ಶಾಸನದಲ್ಲೇ ಸೇರಿಸಲಾಗಿತ್ತು. ಮೊದಲ ವರ್ಷಕ್ಕೆ ಮಂಜೂರಾದ ಹಣ 25,640 ಡಾಲರು; ಸಿಬ್ಬಂದಿ ಹದಿನೈದು ಮಂದಿ. ಮುಖ್ಯಸ್ಥರಾಗಿ ನೇಮಕಗೊಂಡವರು ಜೂಲಿಯಾ ಲೇಥ್ರಾಪ್. ಶಿಕಾಗೊ ನಗರದ ಹಲ್ ಹೌಸ್ ಎಂಬ ಸೇವಾಸದನದಲ್ಲಿ ಜೇನ್ ಆಡಮ್ಸ್ ಅವರೊಡನೆ ಬಹುಕಾಲ ದುಡಿದು, 1899ರಲ್ಲಿ ಆ ನಗರದಲ್ಲಿ ಬಾಲಾಪರಾಧಿಗಳ ಪ್ರತ್ಯೇಕ ನ್ಯಾಯಾಲಯವು ಸ್ಥಾಪಿತವಾಗುವುದಕ್ಕೆ ಕಾರಣಕರ್ತರಾದವರಲ್ಲಿ ಒಬ್ಬರೆನಿಸಿದ್ದ ಅವರು, ಆ ದೇಶದ ಕೇಂದ್ರಸರ್ಕಾರದ ಕಾರ್ಯಾಲಯವೊಂದಕ್ಕೆ ಮುಖ್ಯಸ್ಥೆಯಾದ ಪ್ರಥಮ ಮಹಿಳೆ.

ಲೇಥ್ರಾಪ್ ಅವರು ಆರಂಭದಲ್ಲಿಯೇ ಕಾರ್ಖಾನೆಯ ಮಾಲೀಕರೊಡನೆ ಸೆಣಸಲಿಲ್ಲ. ಯಾವ ಪಕ್ಷದವನೂ ಬೇಡವೆನ್ನಲಾಗದ ಪ್ರಶ್ನೆಯೊಂದನ್ನು ಆರಿಸಿಕೊಂಡರು: ಹುಟ್ಟಿದ ವರ್ಷದೊಳಗೇ ಎಷ್ಟು ಶಿಶುಗಳು ಸಾಯುತ್ತವೆ, ಏಕೆ ಸಾಯುತ್ತವೆ? ಇಡೀ ದೇಶಕ್ಕೆ ಉತ್ತರ ಹೇಳುವುದು ಅಂದು ಸಾಧ್ಯವೇ ಇರಲಿಲ್ಲ; ಏಕೆಂದರೆ ಎಷ್ಟು ಶಿಶುಗಳು ಹುಟ್ಟಿದುವೆಂಬ ಲೆಕ್ಕವೇ ಬಹುಪಾಲು ಪ್ರಾಂತಗಳಲ್ಲಿ ಇರಲಿಲ್ಲ. ಆದುದರಿಂದ ಕೈಗೆಟುಕುವಷ್ಟು ಚಿಕ್ಕದಾದ ಒಂದು ಊರನ್ನು, ಪೆನ್ಸಿಲ್ವೇನಿಯದ ಜಾನ್ಸ್‌ಟೌನ್ ಎಂಬ ಉಕ್ಕಿನ ಕಾರ್ಖಾನೆಗಳ ಪಟ್ಟಣವನ್ನು, ಅವರು ಆರಿಸಿಕೊಂಡರು. 1913ರ ಜನವರಿಯ ಚಳಿಯಲ್ಲಿ ಕಾರ್ಯಾಲಯದ ಕೆಲವು ಮಹಿಳೆಯರು, 1911ರಲ್ಲಿ ಆ ಊರಿನಲ್ಲಿ ಹುಟ್ಟಿದ ಶಿಶುಗಳ ಪಟ್ಟಿಯನ್ನು ಹಿಡಿದು, ಒಂದೊಂದು ಮನೆಯನ್ನೂ ಹುಡುಕಿಕೊಂಡು ಹೋದರು. ತಾಯಿಯೆದುರು ಕುಳಿತು, ನೀರು ಎಲ್ಲಿಂದ ತರುವೆ, ಕೋಣೆಯೊಂದರಲ್ಲಿ ಎಷ್ಟು ಮಂದಿ ಮಲಗುವಿರಿ, ಹೆರಿಗೆಯ ಮುನ್ನಾದಿನದವರೆಗೂ ದುಡಿದೆಯಾ, ಎದೆಹಾಲು ಎಷ್ಟು ತಿಂಗಳು ಕೊಟ್ಟೆ, ಗಂಡನ ಸಂಪಾದನೆಯೆಷ್ಟು ಎಂದು ವಿಚಾರಿಸಿದರು. ಬೇಡವೆನ್ನುವ ಹಕ್ಕು ಪ್ರತಿಯೊಂದು ಮನೆಗೂ ಇದ್ದಿತು. ಬೇಡವೆಂದವರು ತೀರ ವಿರಳ. ಕಂದನನ್ನು ಮಣ್ಣುಮಾಡಿ ಬಂದ ತಾಯಿಯನ್ನು, ನಿನ್ನ ಮಗುವಿಗೆ ಏನಾಯಿತಮ್ಮಾ ಎಂದು ಸರ್ಕಾರದ ಪರವಾಗಿ ಕೇಳಿದವರು ಅದುವರೆಗೆ ಯಾರೂ ಬಂದಿರಲಿಲ್ಲವೆಂಬುದನ್ನು ನೆನೆದರೆ, ಆ ಬಾಗಿಲುಗಳು ತೆರೆದದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ದೊರೆತ ಲೆಕ್ಕ ಹೀಗಿತ್ತು. ಊರಿನ ಒಟ್ಟು ಸರಾಸರಿಯಲ್ಲಿ ಸಾವಿರ ಶಿಶುಗಳಿಗೆ 134 ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದುವು. ಆದರೆ ಕಾರ್ಖಾನೆಯ ಮಗ್ಗುಲಿನ ಅತಿ ದರಿದ್ರ ಕೇರಿಯಲ್ಲಿ ಆ ಸಂಖ್ಯೆ 271. ಅನುಕೂಲಸ್ಥರ ಭಾಗದಲ್ಲಿ ಸುಮಾರು 50. ವರ್ಷಕ್ಕೆ 521 ಡಾಲರಿಗಿಂತ ಕಡಿಮೆ ಗಳಿಸುವ ತಂದೆಯ ಮನೆಯಲ್ಲಿ ಸಾವಿರಕ್ಕೆ ಸುಮಾರು 256 ಶಿಶುಗಳು ಸತ್ತರೆ, 1,200 ಡಾಲರಿಗೂ ಮೇಲ್ಪಟ್ಟು ಗಳಿಸುವವನ ಮನೆಯಲ್ಲಿ 84. ಶಿಶುಮರಣಕ್ಕೆ ತಾಯಿಯ ಅಜ್ಞಾನವೇ ಕಾರಣವೆಂದು ನಿರಾತಂಕವಾಗಿ ನುಡಿಯುತ್ತಿದ್ದವರ ಮುಂದೆ ಈ ಅಂಕಿಗಳು ಬಂದು ನಿಂತುವು. ಅಪರಾಧವು ತೊಟ್ಟಿಲಿನ ಬಳಿಯಿಂದೆದ್ದು ಚರಂಡಿಯಿಲ್ಲದ ಬೀದಿಗೂ, ಕೂಲಿಯ ಲೆಕ್ಕದ ಪುಸ್ತಕಕ್ಕೂ ಸರಿದುಹೋಯಿತು. ಮಕ್ಕಳ ಪರವಾದ ವಕಾಲತ್ತು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನರಿಯೆ.

ಇದೇ ಕಾಲದಲ್ಲಿ ಕಾರ್ಯಾಲಯವು ಗರ್ಭಿಣಿಯರಿಗೂ ಬಾಣಂತಿಯರಿಗೂ ಕಿರುಹೊತ್ತಗೆಗಳನ್ನು ಅಚ್ಚುಹಾಕಿಸಿತು. 1914ರ ಶಿಶುಪೋಷಣೆಯ ಹೊತ್ತಗೆಯನ್ನು ಬರೆದವರು ವೈದ್ಯರಲ್ಲ, ಐದು ಮಕ್ಕಳ ತಾಯಿಯಾದ ಮೇರಿ ಮಿಲ್ಸ್ ವೆಸ್ಟ್. ಶುಚಿಯಾದ ಹಾಲು, ಎದೆಹಾಲಿನ ಹಿರಿಮೆ ಮೊದಲಾದ ವಿಷಯಗಳಲ್ಲಿ ಅದು ಹೇಳಿದ್ದೆಲ್ಲ ಸರಿಯೇ; ಆದರೆ ಕೂಸಿನೊಡನೆ ಹೆಚ್ಚಾಗಿ ಆಟವಾಡಬಾರದು, ಅತ್ತಾಗಲೆಲ್ಲ ಎತ್ತಿಕೊಳ್ಳಬಾರದು ಎಂಬ ಅದರ ಬೋಧೆಯನ್ನು, ಅಜ್ಜಿಯ ತೊಡೆಯ ಮೇಲೆ ಎಣ್ಣೆನೀರು ಕಂಡು ಜೋಗುಳ ಕೇಳಿ ಬೆಳೆದ ನಮ್ಮವರು ಒಪ್ಪುವುದು ಕಷ್ಟ. ತಾಯಂದಿರು ಮಾತ್ರ ಈ ಹೊತ್ತಗೆಗಳನ್ನು ಓದಿ ಸುಮ್ಮನಾಗಲಿಲ್ಲ, ಉತ್ತರ ಬರೆದರು. ವೈದ್ಯನಿಂದ 65 ಮೈಲಿ ದೂರದಲ್ಲಿ ವಾಸವಾಗಿದ್ದ ವಯೋಮಿಂಗ್ ಪ್ರಾಂತದ ಗರ್ಭಿಣಿಯೊಬ್ಬಳು 1916ರಲ್ಲಿ, ಮುಂಬರುವ ಹೆರಿಗೆಯನ್ನು ನೆನೆದರೆ ಭಯವಾಗುತ್ತದೆಂದು ಲೇಥ್ರಾಪ್ ಅವರಿಗೇ ನೇರವಾಗಿ ಪತ್ರ ಬರೆದಳು. ಮುಂದೆ ಇಂತಹ ಪತ್ರಗಳು ವರ್ಷಕ್ಕೆ ಲಕ್ಷವನ್ನೂ ಮೀರಿದುವು.

ಬಾಲಕಾರ್ಮಿಕರ ವಿಷಯದಲ್ಲಿ ಜಯವು ಇಷ್ಟು ಬೇಗನೆ ಒದಗಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವ ಕಾರ್ಖಾನೆಗಳ ಸರಕು ಪ್ರಾಂತದ ಗಡಿಯನ್ನು ದಾಟಕೂಡದೆಂಬ ಶಾಸನ 1916ರಲ್ಲಿ ಆಯಿತು. ಅದನ್ನು ಜಾರಿಗೆ ತರಲು ಹೊರಟ ಕಾರ್ಯಾಲಯದ ಗ್ರೇಸ್ ಅಬಟ್ ಮತ್ತವರ ಸಂಗಡಿಗರಿಗೆ ಎದುರಾದದ್ದು ಹಳೆಯ ಕೊರತೆಯೇ: ಮಗುವಿನ ವಯಸ್ಸನ್ನು ಸಾಧಿಸಿ ತೋರಲು ಜನನದ ದಾಖಲೆಯಿರಲಿಲ್ಲ. ಮನೆಯ ಬೈಬಲ್ಲಿನ ಹಾಳೆಯಲ್ಲಿ ಯಾರೋ ಹಿರಿಯರು ಗುರುತುಹಾಕಿಟ್ಟ ಹುಟ್ಟಿದ ದಿನವನ್ನು ಪ್ರಮಾಣವಾಗಿ ಸ್ವೀಕರಿಸಬೇಕಾಯಿತು. ಹತ್ತಿಯ ಗಿರಣಿಯಲ್ಲಿ ದುಡಿಯುವ ಮಕ್ಕಳ ತಂದೆಯೊಬ್ಬನ ಹೆಸರಿನಲ್ಲಿ ಹೂಡಿದ ವ್ಯಾಜ್ಯದಲ್ಲಿ, 1918ರ ಜೂನ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಐವರ ಮತದಿಂದ ನಾಲ್ವರ ಮತವನ್ನು ಮೀರಿ ಆ ಶಾಸನವನ್ನು ಅಸಿಂಧುವೆಂದು ಸಾರಿತು. ಮತ್ತೊಂದು ಶಾಸನಕ್ಕೂ 1922ರಲ್ಲಿ ಅದೇ ಗತಿ ಒದಗಿತು. 1938ರ ಶ್ರಮಶಾಸನವು ಬಂದು, 1941ರಲ್ಲಿ ಅದೇ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ತಾನೇ ತೊಡೆದುಹಾಕುವವರೆಗೆ, ಒಂದು ಪೀಳಿಗೆಯ ಮಕ್ಕಳು ಗಿರಣಿಗಳಲ್ಲಿ ಬೆಳೆದು ದೊಡ್ಡವರಾಗಿದ್ದರು. ಈ ವಿಳಂಬವನ್ನು ಓದುವಾಗ ಇಂದಿಗೂ ಮನಸ್ಸು ನೋಯುತ್ತದೆ.

ಸ್ತ್ರೀಯರಿಗೆ ಮತದಾನದ ಹಕ್ಕು ಬಂದ ಮರುವರ್ಷವೇ, 1921ರಲ್ಲಿ, ತಾಯಿ ಮಕ್ಕಳ ಆರೋಗ್ಯಕ್ಕಾಗಿ ಪ್ರಾಂತಗಳಿಗೆ ಕೇಂದ್ರದ ಧನಸಹಾಯ ದೊರಕಿಸುವ ಷೆಪರ್ಡ್-ಟೌನರ್ ಶಾಸನವು ಅಂಗೀಕೃತವಾಯಿತು. ಅದರಿಂದ ಸುಮಾರು ಮೂರು ಸಾವಿರ ಆರೋಗ್ಯಕೇಂದ್ರಗಳು ತಲೆಯೆತ್ತಿದುವು. ದಕ್ಷಿಣ ಪ್ರಾಂತಗಳಲ್ಲಿ ಕಪ್ಪುಜನಾಂಗದ ಸೂಲಗಿತ್ತಿಯರಿಗೆ ಶಿಕ್ಷಣವೂ ನಡೆಯಿತು. ವೈದ್ಯರ ಸಂಘದ ತೀವ್ರ ವಿರೋಧಕ್ಕೆ ಈಡಾಗಿ 1929ರಲ್ಲಿ ಆ ಯೋಜನೆಯು ನಿಂತುಹೋಯಿತು. 1935ರ ಸಾಮಾಜಿಕ ಭದ್ರತೆಯ ಶಾಸನದಲ್ಲಿ ಅದು ಬೇರೆ ರೂಪದಲ್ಲಿ ಮರಳಿ ಬಂದಾಗ, ಮಕ್ಕಳಿಗೆ ಸಂಬಂಧಿಸಿದ ಪ್ರಕರಣಗಳನ್ನು ರಚಿಸಿಕೊಟ್ಟವರು ಈ ಕಾರ್ಯಾಲಯದ ಮಹಿಳೆಯರೇ.

ಇವೆಲ್ಲಕ್ಕೂ ತಳಹದಿಯಾದ ಒಂದು ಕಾರ್ಯವು ಸದ್ದಿಲ್ಲದೆ ಸಾಗುತ್ತಿತ್ತು. ಹುಟ್ಟಿದ ಪ್ರತಿ ಶಿಶುವಿನ ಹೆಸರೂ ದಾಖಲೆಯಾಗಬೇಕೆಂದು ಹಟತೊಟ್ಟ ಕಾರ್ಯಾಲಯವು, ಊರೂರಿನ ಮಹಿಳಾ ಸಮಾಜಗಳ ನೆರವನ್ನು ಬೇಡಿತು. ಆ ಗೃಹಿಣಿಯರು ತಮ್ಮ ಕೇರಿಯ ಮನೆಗಳಲ್ಲಿ ವಿಚಾರಿಸಿ, ಹುಟ್ಟಿದ ಕೂಸುಗಳ ಹೆಸರು ಸರ್ಕಾರಿ ಪುಸ್ತಕದಲ್ಲಿ ಏರಿದೆಯೇ ಇಲ್ಲವೇ ಎಂದು ತಾಳೆ ನೋಡಿದರು. 1915ರಲ್ಲಿ ಜನನ ನೋಂದಣಿಯ ವಲಯವೊಂದು ಏರ್ಪಟ್ಟಾಗ ಅದರೊಳಗೆ ಸೇರಿದ್ದುವು ಹತ್ತು ಪ್ರಾಂತಗಳು ಮತ್ತು ರಾಜಧಾನಿ ಮಾತ್ರ. ಕಟ್ಟಕಡೆಗೆ ಟೆಕ್ಸಸ್ ಪ್ರಾಂತವು ಸೇರಿದ್ದು 1933ರಲ್ಲಿ. ಹೆನ್ರಿ ಬೀದಿಯ ಮನೆಗೆ ಬಂದ ಆ ಕಾಗದದ ಪ್ರಶ್ನೆಗೆ ಇಡೀ ದೇಶದ ಲೆಕ್ಕವನ್ನಿಟ್ಟು ಉತ್ತರ ಕೊಡಲು ಸಾಧ್ಯವಾದದ್ದು, ಅದನ್ನು ಕೇಳಿದ ಮೂವತ್ತು ವರ್ಷಗಳ ಮೇಲೆ.