ರೈತನ ಹೆಬ್ಬೆಟ್ಟಿಗೂ ಕಾವಲು ಬೇಕು

ಬೀಜದ ಜೋಳಕ್ಕೆ ಹುಳ ಬೀಳದಂತೆ ಬೂದಿ ಬೆರೆಸಿ ಕಾಯ್ದಿಡುವ ನಮ್ಮ ರೈತರು ಆಧಾರ ಕಾರ್ಡಿನ ನಕಲನ್ನು ಮಾತ್ರ ಕೇಳಿದವರಿಗೆಲ್ಲ ಕೊಡುತ್ತ ಬಂದಿದ್ದಾರೆ. ಪೀಕವಿಮೆಗೊಂದು, ಸೊಸಾಯಿಟಿಯ ಸಾಲಕ್ಕೊಂದು, ಗೊಬ್ಬರದ ಅಂಗಡಿಗೊಂದು, ಸಿಮ್ ಕಾರ್ಡಿಗೊಂದು. ಆ ನಕಲುಗಳು ಈಗ ಯಾರ ಕೈಯಲ್ಲಿವೆ ಎಂಬುದು ಕೊಟ್ಟವರಿಗೂ ತಿಳಿಯದು. ಈ ಅಲಕ್ಷ್ಯದಿಂದ ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಕುತ್ತು ಬರುವದುಂಟು. ಅದು ಹೇಗೆ, ಅದಕ್ಕೆ ತಡೆಯೇನು ಎಂಬುದನ್ನು ವಿಚಾರಿಸೋಣ.

ದೇಶದ ಮೊದಲ ಆಧಾರ ಸಂಖ್ಯೆಯನ್ನು 2010ರ ಸಪ್ಟಂಬರ 29ರಂದು ನಮ್ಮ ಮಹಾರಾಷ್ಟ್ರದಲ್ಲಿಯೇ, ನಂದುರಬಾರ ಜಿಲ್ಲೆಯ ಟೆಂಭಲಿ ಗ್ರಾಮದಲ್ಲಿ ಕೊಡಲಾಯಿತು. ಇಂದು ವರ್ಷಕ್ಕೆ 6,000 ರೂಪಾಯಿಯ ಪಿಎಂ-ಕಿಸಾನ್ ಹಣವು ಈ ಸಂಖ್ಯೆಗೆ ಜೋಡಿಸಿದ ಖಾತೆಗೇ ಬರುತ್ತದೆ. ಬೆರಳು ಒತ್ತಿ ಊರಲ್ಲಿಯೇ ಹಣ ತೆಗೆಯುವ ಅನುಕೂಲತೆಯೂ ಇದೆ. ಅದಕ್ಕೆ ಬೇಕಾದವು ಮೂರೇ: ಆಧಾರ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಪಿನ್ ಬೇಡ, ಫೋನಿಗೆ ಬರುವ ಓಟಿಪಿಯೂ ಬೇಡ. ಒಂದು ಸಲಕ್ಕೆ 10,000 ರೂಪಾಯಿಯ ವರೆಗೆ ತೆಗೆಯಬಹುದು.

ಸಂಖ್ಯೆ ಹೋದರೇನು, ಬೆರಳು ನಮ್ಮ ಕೈಯಲ್ಲಿಯೇ ಇದೆಯಲ್ಲ ಎಂದು ಕೆಲವರು ಕೇಳಬಹುದು. ಬೆರಳು ಕೈಯಲ್ಲಿದೆ ನಿಜ. ಅದರ ಗುರುತು ಹೊಲದ ಖರೀದಿಪತ್ರದ ಮೇಲಿದೆ. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಮ್ ಮಾರುವವನೊಬ್ಬನು, ನೋಂದಣಿ ಇಲಾಖೆಯ ಜಾಲತಾಣದಲ್ಲಿದ್ದ ಜಮೀನಿನ ಪತ್ರಗಳಿಂದ ಹೆಬ್ಬೆಟ್ಟಿನ ಗುರುತು ತೆಗೆದು, ರಬ್ಬರಿನ ಅಚ್ಚು ಮಾಡಿ, ಅನ್ಯರ ಹೆಸರಿನಲ್ಲಿ ಸಿಮ್ ಕಾರ್ಡುಗಳನ್ನು ಚಾಲೂ ಮಾಡಿದ ಆರೋಪದ ಮೇಲೆ ಸೆರೆ ಸಿಕ್ಕನು. 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಇದೇ ರೀತಿ ಹಣ ಹೋದ ದೂರುಗಳು ಬಂದವು.

ನಾವು ಜೋಪಾನವಾಗಿದ್ದರೂ ಸಂಖ್ಯೆಯು ಬೇರೆ ಕಡೆಯಿಂದ ಸೋರಬಹುದು. ಪಿಎಂ-ಕಿಸಾನ್ ಜಾಲತಾಣದ ಒಂದು ಭಾಗದಲ್ಲಿ ರೈತರ ಆಧಾರ ಸಂಖ್ಯೆಗಳು ಕಾಣುತ್ತಿದ್ದುದನ್ನು 2022ರಲ್ಲಿ ಸಂಶೋಧಕರೊಬ್ಬರು ಬಯಲಿಗೆ ತಂದರು. ಯಾರದೇ ಆಧಾರ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸಕೂಡದೆಂದು 2016ರ ಕಾಯದೆ ಹೇಳುತ್ತದೆ. ಆದರೆ ಕಾಯದೆಯನ್ನಷ್ಟೇ ನಂಬಿ ಕೂಡ್ರುವಂತಿಲ್ಲ. ಕೀಲಿಕೈ ಕಳೆದರೆ ಬೇರೆ ಕೀಲಿ ಹಾಕಬಹುದು. ಹೆಬ್ಬೆಟ್ಟನ್ನು ಬದಲಿಸಲು ಬಾರದು. ಆದಕಾರಣ ರೈತ ಬಾಂಧವರು ಕೆಳಗಿನ ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು.

1. ಬೆರಳಚ್ಚಿಗೆ ಕೀಲಿ ಹಾಕಿರಿ. ಆಧಾರ ಪ್ರಾಧಿಕಾರದ ಜಾಲತಾಣದಲ್ಲಿ ಈ ಸೌಕರ್ಯವಿದೆ. ಆಧಾರಿಗೆ ನಿಮ್ಮ ಫೋನ್ ಸಂಖ್ಯೆ ಜೋಡಿಸಿರಬೇಕು. ಕೀಲಿ ಹಾಕಿದಾಗ ರೇಶನ್ ಅಂಗಡಿಯಲ್ಲಿಯೂ ಬೆರಳು ನಡೆಯದು. ಅಂಥ ಹೊತ್ತಿಗೆ ತುಸು ಕಾಲ ತೆಗೆಯಬೇಕು.

2. ನಕಲು ಕೊಡಲೇಬೇಕಾದರೆ ಮೊದಲಿನ ಎಂಟು ಅಂಕಿ ಮರೆಮಾಡಿದ ಆಧಾರ ನಡೆಯುವದೋ ಎಂದು ಕೇಳಿರಿ. ಪ್ರಾಧಿಕಾರವೇ ಅಂಥ ಪ್ರತಿಯನ್ನು ಕೊಡುತ್ತದೆ. ನಕಲಿನ ಮೇಲೆ ಯಾವ ಕೆಲಸಕ್ಕಾಗಿ ಕೊಟ್ಟದ್ದೆಂದು ತಾರೀಖು ಸಹಿತ ಬರೆಯಿರಿ.

3. "ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಒತ್ತಿರಿ" ಎಂದರೆ ಕೂಡಲೇ ಒತ್ತಬೇಡಿರಿ. ಮೊದಲನೆಯ ಸಲ ಏನಾಯಿತೆಂಬ ಚೀಟಿ ಕೇಳಿ ಪಡೆಯಿರಿ. ಚೀಟಿಯಾಗಲಿ ಫೋನಿನ ಸಂದೇಶವಾಗಲಿ ಇಂಗ್ಲೀಷಿನಲ್ಲಿ ಇದ್ದರೆ ಶಾಲೆ ಕಲಿಯುವ ಮಕ್ಕಳಿಂದ ಅಲ್ಲಿಯೇ ಓದಿಸಿರಿ. ಅಂಕಿ ಓದುವಷ್ಟು ಕಲಿತ ಮಗುವೂ ಮನೆಯ ದುಡ್ಡನ್ನು ಕಾಯಬಲ್ಲದು.

4. ಹಣ ಹೋದರೆ ನಾಚಿಕೊಂಡು ಸುಮ್ಮನಿರಬೇಡಿರಿ. ಕೂಡಲೇ 1930ಕ್ಕೆ ಫೋನ್ ಮಾಡಿರಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಪೋಚಪಾವತಿ ಪಡೆಯಿರಿ. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದಿದ್ದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಮೇಲೆ ಹಾನಿಯ ಹೊಣೆ ಬೀಳಬಾರದೆಂದು ರಿಝರ್ವ್ ಬ್ಯಾಂಕು 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ತಡಮಾಡಿದಷ್ಟೂ ನಷ್ಟವೇ.

ಆಧಾರದ ವಿಷಯದಲ್ಲಿ ಸಂದೇಹವಿದ್ದರೆ 1947ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ. ಗಡಿಯಾಚೆಗಿರುವ ನಮಗೆ ಇದು ದೊಡ್ಡ ಅನುಕೂಲ.

ಹಿಂದೆ ಸಾವಕಾರನ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡವರ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಕಾಗದದ ಜಾಗದಲ್ಲಿ ಈಗ ಯಂತ್ರ ಬಂದಿದೆ. ಒತ್ತುವ ಮೊದಲು ವಿಚಾರಿಸಬೇಕೆಂಬ ಮಾತು ಆಗಿನಂತೆ ಈಗಲೂ ಸರಿಯೇ.