ಹಾಡಿನ ಒಡೆಯ ಯಾರು?

ಒಂದು ಹಾಡನ್ನು ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ರಾಗ ಹಾಕುತ್ತಾರೆ, ನಾಲ್ವರು ಸೇರಿ ನುಡಿಸಿ ಹಾಡುತ್ತಾರೆ. ಅದು ಸಿ.ಡಿ.ಯಾಗಿ ಅಂಗಡಿಗೆ ಬಂದಾಗ ಅದರ ಒಡೆಯ ಯಾರು? ಹಾಡಿದವರೇ ಎಂದು ನೀವು ಹೇಳಬಹುದು. ಕಾನೂನು ಹಾಗೆನ್ನುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯಕ್ಕೆ ಒಂದು ಹಕ್ಕು, ಸ್ವರ ಸಂಯೋಜನೆಗೆ ಇನ್ನೊಂದು, ಧ್ವನಿಮುದ್ರಣಕ್ಕೆ ಬೇರೆಯೇ ಮತ್ತೊಂದು. ಈ ಮೂರನೆಯ ಹಕ್ಕು ಧ್ವನಿಮುದ್ರಣ ಮಾಡಿಸಲು ಮುಂದಾಗಿ, ಅದರ ಹೊಣೆ ಹೊತ್ತ ನಿರ್ಮಾಪಕರಿಗೆ ಸೇರುತ್ತದೆ. ಪ್ರಕಟವಾದ ಮೇಲೆ 60 ವರ್ಷ ಅದು ಅವರದೇ.

ಧ್ವನಿಮುದ್ರಿಕೆ ಕಂಪನಿಗಳು ನಿಂತಿರುವುದೇ ಈ ಹಕ್ಕಿನ ಮೇಲೆ. ಸ್ಟುಡಿಯೋ ಬಾಡಿಗೆ, ಪ್ರತಿಗಳ ತಯಾರಿಕೆ, ಹೊದಿಕೆಯ ಚಿತ್ರ, ಅಂಗಡಿಗಳಿಗೆ ಸಾಗಣೆ, ಪ್ರಚಾರ ಎಲ್ಲಕ್ಕೂ ಕಂಪನಿ ಹಣ ಹಾಕುತ್ತದೆ. ಪ್ರತಿಯಾಗಿ ಮೂಲಪ್ರತಿಯನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ನಷ್ಟವಾದರೆ ಅದೂ ಕಂಪನಿಯದೇ. ಆದರೆ ಯಾವ ಹಾಡು ಹೊರಬರಬೇಕು, ಯಾವುದು ಕಪಾಟಿನಲ್ಲೇ ಕೊಳೆಯಬೇಕು ಎಂಬ ತೀರ್ಮಾನವೂ ಅದರದಾಗುತ್ತದೆ.

ಈ ಏರ್ಪಾಟನ್ನು ತಪ್ಪಿಸಿಕೊಳ್ಳಲು ಸಾಧ್ಯವೆಂದು ತೋರಿಸಿದವರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬಝ್‌ಕಾಕ್ಸ್ ಎಂಬ ರಾಕ್ ತಂಡದವರು ಪ್ರಮುಖರು. ಸುಮಾರು 500 ಪೌಂಡ್ ಸಾಲ ಎತ್ತಿ, ನ್ಯೂ ಹಾರ್ಮೋನ್ಸ್ ಎಂಬ ತಮ್ಮದೇ ಹೆಸರಿನಡಿ 1977ರ ಜನವರಿಯಲ್ಲಿ ನಾಲ್ಕು ಹಾಡುಗಳ ತಟ್ಟೆಯೊಂದನ್ನು ಹೊರತಂದರು. ಮೊದಲು ಅಚ್ಚಾದದ್ದು 1,000 ಪ್ರತಿ. ಅವು ಬೇಗ ಮುಗಿದು ಮತ್ತೆ ಮತ್ತೆ ಅಚ್ಚು ಹಾಕಿಸಬೇಕಾಯಿತು. ಆ ಬಳಿಕ ಅಂಥ ಪುಟ್ಟ ಸ್ವತಂತ್ರ ಕಂಪನಿಗಳು ಅನೇಕ ಊರುಗಳಲ್ಲಿ ಹುಟ್ಟಿಕೊಂಡವು.

ನಮ್ಮ ದೇಶದ ಸ್ಥಿತಿ ಬೇರೆ. ಇಲ್ಲಿ ಧ್ವನಿಸುರುಳಿ ಮಾರುಕಟ್ಟೆಯ ಬಹುಪಾಲು ಚಿತ್ರಗೀತೆಗಳದಾಗಿತ್ತು. ಕನ್ನಡದಲ್ಲಿ ಭಾವಗೀತೆ, ಭಕ್ತಿಗೀತೆ, ಜನಪದಗೀತೆಗಳಿಗೂ ಒಂದಿಷ್ಟು ಜಾಗ ದೊರೆಯಿತು. ಬೆಂಗಳೂರಿನ ಹುಡುಗರು ಸ್ವಂತವಾಗಿ ಇಂಗ್ಲಿಷಿನಲ್ಲಿ ಕಟ್ಟಿದ ರಾಕ್ ಹಾಡಿಗೆ ಬಂಡವಾಳ ಹಾಕುವವರು ಎಲ್ಲಿ ಸಿಗಬೇಕು?

1996ರಲ್ಲಿ ಇಲ್ಲಿನ ಕ್ರೈಸ್ಟ್ ಕಾಲೇಜಿನ ಗೆಳೆಯರು 'ಥರ್ಮಲ್ ಅಂಡ್ ಎ ಕ್ವಾರ್ಟರ್' ಎಂಬ ತಂಡ ಕಟ್ಟಿದರು. ಹೆಸರು ಕೇಳಿ ಭೌತಶಾಸ್ತ್ರದ ಪಾಠ ನೆನಪಾದರೆ ನಿಮ್ಮ ತಪ್ಪಲ್ಲ. ಅದು ಬರೀ ಪದಗಳ ಆಟ. ತಂಡದಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬರು ಕಾಲುಭಾಗ ಮಲಯಾಳಿ. 'ತ್ರೀ ಮಲ್ ಅಂಡ್ ಎ ಕ್ವಾರ್ಟರ್' ಎಂಬುದನ್ನು ಬೇಗ ಬೇಗ ಹೇಳಿ ನೋಡಿ! ಬ್ರೂಸ್ ಲೀ ಮಣಿ ಗಿಟಾರ್ ನುಡಿಸಿ ಹಾಡುತ್ತಿದ್ದರು. ರಾಜೀವ್ ರಾಜಗೋಪಾಲ್ ಅವರದು ಡ್ರಮ್. 2000ದಲ್ಲಿ ಮೊದಲ ಸಂಪುಟವನ್ನು ಸ್ವತಂತ್ರವಾಗಿ ಹೊರತಂದರು. ಅದಕ್ಕಿಟ್ಟ ಹೆಸರು 'ಥರ್ಮಲ್ ಅಂಡ್ ಎ ಕ್ವಾರ್ಟರ್ ಡಾಟ್ ಕಾಮ್'.

ಹೆಸರಿನ ಬಾಲಕ್ಕೆ ಅಂಟಿದ ಆ 'ಡಾಟ್ ಕಾಮ್' ಆ ಕಾಲದ ಬೆಂಗಳೂರಿನದು. ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯಿಂದ 1990ರ ದಶಕದಲ್ಲಿ ತಂತ್ರಾಂಶವು ಉಪಗ್ರಹದ ಮೂಲಕ ಹೊರದೇಶಗಳಿಗೆ ಹೋಗತೊಡಗಿತ್ತು. ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ತಂತ್ರಾಂಶ ಹಾಗೆ ಹೋಗಬಹುದಾದರೆ ಹಾಡೇಕೆ ಹೋಗಬಾರದು?

ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ. ಅದನ್ನು ಅಂಕಿಗಳಲ್ಲಿ ಸರಿಯಾಗಿ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಆದ್ದರಿಂದಲೇ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳಿವೆ. ಪ್ರತಿ ಅಳತೆಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು ಎಂದು ಎರಡು ವಾಹಿನಿ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಐದು ನಿಮಿಷದ ಹಾಡು ಸುಮಾರು 53 ಮೆಗಾಬೈಟ್ ಆಗುತ್ತದೆ. ದೂರವಾಣಿ ತಂತಿಗೆ ಸಿಕ್ಕಿಸುತ್ತಿದ್ದ 56 ಕಿಲೋಬಿಟ್ ಮೋಡೆಮ್ ತನ್ನ ಪೂರ್ಣ ವೇಗದಲ್ಲಿ ಓಡಿದರೂ (ಓಡುತ್ತಿದ್ದದ್ದು ಅಪರೂಪ) ಅದನ್ನು ಇಳಿಸಿಕೊಳ್ಳಲು ಎರಡು ಗಂಟೆ ಮೀರುತ್ತಿತ್ತು. ಅಷ್ಟರಲ್ಲಿ ಮನೆಯವರು ಫೋನಿಗಾಗಿ ಕೂಗಾಡುತ್ತಿದ್ದರು.

ಇಲ್ಲಿ ನೆರವಿಗೆ ಬಂದದ್ದು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಮುಖ್ಯ ಪಾತ್ರ ವಹಿಸಿ ರೂಪಿಸಿದ ಎಂಪಿ3. ಜಾತ್ರೆಯಲ್ಲಿ ತಮಟೆ ಬಡಿಯುವಾಗ ಪಕ್ಕದವರ ಕೈಗಡಿಯಾರದ ಟಿಕ್‌ಟಿಕ್ ನಿಮಗೆ ಕೇಳಿಸುತ್ತದೆಯೇ? ದೊಡ್ಡ ಸದ್ದಿನ ಹಿಂದೆ ಅಡಗುವ ಸಣ್ಣ ಸದ್ದುಗಳನ್ನು ಕಿವಿ ಹೇಗೂ ಗುರುತಿಸುವುದಿಲ್ಲ. ಅಂಥವುಗಳ ವಿವರವನ್ನು ಬಿಟ್ಟುಬಿಡುವುದೇ ಎಂಪಿ3ಯ ಯುಕ್ತಿ. ಸೆಕೆಂಡಿಗೆ 128 ಕಿಲೋಬಿಟ್‌ಗೆ ಇಳಿಸಿದರೆ ಅದೇ ಹಾಡು 5 ಮೆಗಾಬೈಟಿಗಿಂತ ಕಡಿಮೆ. ಅದೇ ಮೋಡೆಮಿನಲ್ಲಿ ಹನ್ನೆರಡು ನಿಮಿಷ ಸಾಕು. ನಿಜವಾದ ನಷ್ಟ ಗೊತ್ತಾಗುವುದು ಒಳ್ಳೆಯ ಸ್ಪೀಕರಿನಲ್ಲಿ, ತಾಳದ ಲೋಹದ ಝಣಝಣ ಕೇಳುವಾಗ. ಸ್ಟುಡಿಯೋದಲ್ಲಿ ದುಡಿಯುವ ನನ್ನಂಥವರಿಗೆ ಇದು ಈಗಲೂ ಕಿರಿಕಿರಿಯೇ.

ತಂಡದವರು 2002ರಲ್ಲಿ 'ಜುಪಿಟರ್ ಕೆಫೆ' ಪ್ರಕಟಿಸಿದರು. 2005ರಲ್ಲಿ ಮೂರನೆಯ ಸಂಪುಟ 'ಪ್ಲಾನ್ ಬಿ' ಬಂದಾಗ ಅದನ್ನು ಅಂತರಜಾಲದಲ್ಲಿ ಉಚಿತವಾಗಿ ಕೊಟ್ಟರು. ಇಷ್ಟವಿದ್ದಷ್ಟು ಹಣ ಕೊಟ್ಟು ಪಡೆಯಿರಿ ಎಂದು ಬ್ರಿಟನ್ನಿನ ಪ್ರಸಿದ್ಧ ರೇಡಿಯೋಹೆಡ್ ತಂಡ ಜಗತ್ತಿಗೆ ಸಾರಿದ್ದು 2007ರಲ್ಲಿ! ಅದೂ ದೊಡ್ಡ ಕಂಪನಿಯೊಂದಿಗಿನ ಒಪ್ಪಂದ ಮುಗಿದ ಬಳಿಕ. ಇಲ್ಲಿ ಕಾನೂನಿನ ಮಾತು ಮತ್ತೆ ಬರುತ್ತದೆ. ಒಡೆತನ ಇದ್ದವರಿಗಷ್ಟೇ ಬಿಟ್ಟಿ ಕೊಡುವ ಅಧಿಕಾರ. ಮೂಲಪ್ರತಿ ಬೇರೆಯವರ ಕಪಾಟಿನಲ್ಲಿದ್ದರೆ, ಹಾಡಿದವರೇ ತಮ್ಮ ಹಾಡನ್ನು ಹಂಚಿದರೂ ಅದು ಕೃತಿಚೌರ್ಯವಾದೀತು.

ಇನ್ನು ಹಣದ ವಿಚಾರ. ಉಚಿತ ಹಾಡಿನಿಂದ ಸ್ಟುಡಿಯೋ ಬಾಡಿಗೆ ಹುಟ್ಟುವುದಿಲ್ಲ. ತಾವೇ ಕಂಪನಿಯಾದವರಿಗೆ ನಷ್ಟವೂ ಸ್ವಂತದ್ದೇ ಎಂಬುದನ್ನು ಈ ದಾರಿಯನ್ನು ಹೊಗಳುವವರು ಮರೆಯುತ್ತಾರೆ. ಇಂಥ ತಂಡಗಳಿಗೆ ಹಾಡು ಒಂದು ಆಹ್ವಾನಪತ್ರಿಕೆ ಇದ್ದಂತೆ. ಆದಾಯ ಬರಬೇಕಾದದ್ದು ಟಿಕೆಟ್ ಕೊಂಡು ಕಾರ್ಯಕ್ರಮಕ್ಕೆ ಬರುವವರಿಂದ. ಅದೂ ಸಾಲದಾದಾಗ ಬೇರೆ ದಾರಿ ಹುಡುಕಬೇಕು. ನಮ್ಮ ಸಂಗೀತ ವಿದ್ವಾಂಸರು ಕಛೇರಿಯ ಜೊತೆಗೆ ಮನೆಯಲ್ಲಿ ಪಾಠ ಹೇಳಿ ಸಂಸಾರ ತೂಗಿಸಿದಂತೆಯೇ ಈ ತಂಡದವರೂ ಪಾಠಕ್ಕೆ ಇಳಿದರು. ಬೆಂಗಳೂರಿನಲ್ಲಿ 'ತಾಕಡೆಮಿ' ಎಂಬ ಸಂಗೀತ ಶಾಲೆ ತೆರೆದು ಗಿಟಾರ್, ಡ್ರಮ್ ಕಲಿಸತೊಡಗಿದರು.